ಕೆಲಸ ಹೋಯಿತು, ಬೆಂಗಳೂರಿಗೆ ಹೋಗಲಾ? ಜೊತೆಗೆ ಮುತ್ತಾತನ ಕಾಲದ ಒಂದು ಪ್ರಶ್ನೆ

ಟೇಕಲ್ ಹುಡುಗ:

ಎಲ್ಲರಿಗೂ ನಮಸ್ಕಾರ. ಮಾಲೂರು ಕಡೆ ಒಂದು ಫ್ಯಾಕ್ಟರಿಯಲ್ಲಿ ಆರು ವರ್ಷ ಮೌಲ್ಡಿಂಗ್ ಮೆಷಿನ್ ಆಪರೇಟರ್ ಆಗಿದ್ದೆ. ಕಾರಿನ ಒಳಗೆ ಬರುವ ಪ್ಲಾಸ್ಟಿಕ್ ಸಾಮಾನು ಮಾಡುತ್ತಿದ್ದೆವು. ಆರ್ಡರ್ ಇಲ್ಲ ಅಂತ ಮೊದಲು ಓಟಿ ನಿಲ್ಲಿಸಿದರು, ಆಮೇಲೆ ರಾತ್ರಿ ಶಿಫ್ಟ್ ನಿಲ್ಲಿಸಿದರು, ಹೋದ ತಿಂಗಳು ಒಂದು ಶನಿವಾರ ಗೇಟಿನ ಹತ್ತಿರ ಹೆಸರು ಕೂಗಿ 32 ಜನಕ್ಕೆ ಸೋಮವಾರದಿಂದ ಬರಬೇಡಿ ಅಂದರು. ನನ್ನದು ಹತ್ತೊಂಬತ್ತನೇ ಹೆಸರು. ಅಲ್ಲಿ ನಿಂತು ಎಣಿಸೋದು ಬಿಟ್ಟರೆ ಬೇರೆ ಏನೂ ಮಾಡೋಕೆ ಇರಲಿಲ್ಲ.

ನಾನು ಕಂಪನಿ ರೋಲ್ ಅಲ್ಲ, ಕಾಂಟ್ರಾಕ್ಟ್. ಪಿಎಫ್, ಇಎಸ್‌ಐ ಕಟ್ ಆಗುತ್ತಿತ್ತು. ವಯಸ್ಸು 29. ಮನೆಯಲ್ಲಿ ಹೆಂಡತಿ, ಎರಡು ವರ್ಷದ ಮಗಳು, ಅಪ್ಪ, ಅಮ್ಮ, ಅಜ್ಜಿ. ಒಂದೂವರೆ ಎಕರೆ ರಾಗಿ ಹೊಲ, ಮಳೆ ಬಂದರೆ ಉಂಟು ಇಲ್ಲಾಂದ್ರೆ ಇಲ್ಲ. ಎರಡು ಸೀಮೆ ಹಸು ಇವೆ, ಡೇರಿಗೆ ಹಾಲು ಹಾಕಿ ಮನೆ ಖರ್ಚು ಹೇಗೋ ನಡೆಯುತ್ತಿದೆ. ಬೈಕ್ ಲೋನ್ ಇನ್ನೂ ಹನ್ನೊಂದು ಕಂತು ಬಾಕಿ.

ಪೀಣ್ಯದಲ್ಲಿರುವ ಗೆಳೆಯ ಬಾ ಮಗಾ, ರೂಮಲ್ಲಿ ಇನ್ನೊಬ್ಬನಿಗೆ ಜಾಗ ಇದೆ ಅನ್ನುತ್ತಾನೆ. ನಮ್ಮ ಮಾವ ಬೇಡ, ಟೇಕಲ್‌ನಿಂದ ಪಾಸ್ ಮಾಡಿಸಿಕೊಂಡು ರೈಲಿನಲ್ಲಿ ಓಡಾಡು, ವೈಟ್‌ಫೀಲ್ಡ್ ಕಡೆ ಏನಾದರೂ ಸಿಗುತ್ತೆ ಅನ್ನುತ್ತಾರೆ. ಎರಡನ್ನೂ ಮಾಡಿ ನೋಡಿದವರು ಇದ್ದರೆ ಹೇಳಿ.

ಇನ್ನೊಂದು ಪ್ರಶ್ನೆ, ಇದು ಸುಮ್ನೆ ಕುತೂಹಲಕ್ಕೆ. ಕೆಲಸ ಹೋದ ವಿಷಯ ಅಜ್ಜಿಗೆ ಹೇಳಿದಾಗ ಅವರು ಏನೂ ಗಾಬರಿಯಾಗಲಿಲ್ಲ. ಅವರ ಮಾವನವರ ಕಾಲದಲ್ಲಿ ರಾಗಿ ಕೇಳೋರೇ ಇರಲಿಲ್ಲವಂತೆ, ಮೂರು ಜನ ಅಣ್ಣತಮ್ಮಂದಿರಲ್ಲಿ ನಡುವಿನವರನ್ನು ಚಿನ್ನದ ಗಣಿಗೆ ಕಳಿಸಿದರಂತೆ, ಅವರು ತಂದ ದುಡ್ಡಿನಲ್ಲೇ ಹೊಲ ಉಳಿಯಿತಂತೆ. ಲೆಕ್ಕ ಹಾಕಿದರೆ ಅದು 1930ರ ಆಸುಪಾಸು. ಆದರೆ ಹೈಸ್ಕೂಲಿನಲ್ಲಿ ನಾವು ಓದಿದ್ದು 1929ರಲ್ಲಿ ಅಮೆರಿಕದಲ್ಲಿ ಷೇರು ಬಿದ್ದು ಇಡೀ ಪ್ರಪಂಚದಲ್ಲಿ ಫ್ಯಾಕ್ಟರಿ ಮುಚ್ಚಿದವು ಅಂತ. ಎಲ್ಲಾ ಕಡೆ ಕೆಲಸ ಹೋಗುತ್ತಿದ್ದಾಗ ಕೆಜಿಎಫ್‌ನಲ್ಲಿ ಮಾತ್ರ ಹೇಗೆ ಕೆಲಸ ಕೊಟ್ಟರು? ಬೆಂಗಳೂರಿಗೆ ಯಾಕೆ ಹೋಗಲಿಲ್ಲ?

ಕೋರಮಂಡಲ್ ಪ್ಯಾಸೆಂಜರ್:

ಮೊದಲನೇ ಪ್ರಶ್ನೆಗೆ ನಾನು ಹೇಳುತ್ತೇನೆ, ಹನ್ನೊಂದು ವರ್ಷದಿಂದ ಆ ರೈಲಿನಲ್ಲೇ ಇದ್ದೇನೆ.

ವೈಟ್‌ಫೀಲ್ಡ್‌ನಲ್ಲಿ ಕೆಲಸ ಸಿಕ್ಕರೆ ಓಡಾಡಿ. ಪೀಣ್ಯ ಆದರೆ ಓಡಾಡುವ ಯೋಚನೆಯೇ ಬೇಡ. ಟೇಕಲ್‌ನಿಂದ ವೈಟ್‌ಫೀಲ್ಡ್ ಹೆಚ್ಚೆಂದರೆ ಒಂದು ಗಂಟೆ. ಇಳಿದರೆ ಪಕ್ಕದಲ್ಲೇ ಮೆಟ್ರೋ, 2023ರಿಂದ ಅಲ್ಲಿಂದ ನೇರ ಮೆಜೆಸ್ಟಿಕ್ ಕಡೆಗೆ ಹೋಗಬಹುದು. ಆದರೆ ಪೀಣ್ಯ ಊರಿನ ಆ ಕಡೆ ತುದಿ. ಮೆಜೆಸ್ಟಿಕ್‌ನಲ್ಲಿ ಇಳಿದು ಹಸಿರು ಲೈನ್ ಹಿಡಿಯಬೇಕು. 2025ರ ಫೆಬ್ರವರಿಯಲ್ಲಿ ಮೆಟ್ರೋ ದರ ಏರಿಸಿದ ಮೇಲೆ ದೂರದ ಟಿಕೆಟ್ 90 ರೂಪಾಯಿವರೆಗೂ ಆಗಿದೆ. ದಿನಾ ಹೋಗಿ ಬರೋಕೆ ಅಷ್ಟು ಕೊಟ್ಟರೆ ರೈಲು ಪಾಸಿನಲ್ಲಿ ಉಳಿಸಿದ್ದೆಲ್ಲ ಅಲ್ಲೇ ಹೋಯಿತು.

ರೈಲು ಪಾಸ್ ಅಗ್ಗ, ತಿಂಗಳಿಗೆ ಕೆಲವೇ ನೂರು ರೂಪಾಯಿ, ಅದನ್ನು ನೋಡಿ ಎಲ್ಲರೂ ಓಡಾಡೋದೇ ಲಾಭ ಅಂದುಕೊಳ್ಳುತ್ತಾರೆ. ನಮ್ಮ ಮನೆಯ ಕಥೆ ಕೇಳಿ. 2001ರ ಫೆಬ್ರವರಿ 28ಕ್ಕೆ ನಮ್ಮ ಕೆಜಿಎಫ್ ಗಣಿ ಮುಚ್ಚಿದಾಗ ನಾನು ಎಂಟನೇ ಕ್ಲಾಸು, ಅಪ್ಪನಿಗೆ 46. ಗಣಿಯಲ್ಲಿ ಟಿಂಬರ್ ಕೆಲಸ, ಅಂದರೆ ಸುರಂಗ ಕುಸಿಯದ ಹಾಗೆ ಮರದ ಆಸರೆ ಕೊಡೋದು, ಅದು ಬಿಟ್ಟರೆ ಬೇರೇನೂ ಗೊತ್ತಿಲ್ಲ, ಆ ಕೆಲಸ ನೆಲದ ಮೇಲೆ ಯಾರಿಗೆ ಬೇಕು? ಪ್ಯಾಕೇಜ್ ಅಂತ ಕೊಟ್ಟ ದುಡ್ಡು ಸಾಲಕ್ಕೆ, ಅಕ್ಕನ ಮದುವೆಗೆ ಆಯಿತು. ಆಮೇಲೆ ಅಪ್ಪ ಮಾರತ್ತಹಳ್ಳಿಯಲ್ಲಿ ಸೆಕ್ಯುರಿಟಿ, ಅಮ್ಮ ಗಾರ್ಮೆಂಟ್ಸ್. ಬೆಳಗ್ಗೆ ಮೂರೂವರೆಗೆ ಎದ್ದು ಅನ್ನ ಮಾಡಿಟ್ಟು ಕತ್ತಲಲ್ಲೇ ಹೊರಡುತ್ತಿದ್ದರು, ರಾತ್ರಿ ಒಂಬತ್ತರ ಮೇಲೆ ಬರುತ್ತಿದ್ದರು. ನಮ್ಮ ಲೈನಿನಲ್ಲಿ, ಅಂದರೆ ಗಣಿ ಕೂಲಿಗಳ ಸಾಲುಮನೆಗಳಲ್ಲಿ, ಮನೆಮನೆಯಲ್ಲೂ ಇದೇ ಕಥೆ. ಹಗಲು ಹೊತ್ತು ಬೀದಿಯಲ್ಲಿ ಮುದುಕರು, ಮಕ್ಕಳು ಬಿಟ್ಟರೆ ಯಾರೂ ಇರುತ್ತಿರಲಿಲ್ಲ. ರೈಲಿನಲ್ಲಿ ಮಾತ್ರ ಇಡೀ ಊರೇ ಇರುತ್ತಿತ್ತು. ಮದುವೆ ಮಾತುಕತೆ, ಚೀಟಿ ದುಡ್ಡು, ಇಸ್ಪೀಟು, ಜಗಳ, ಹುಣಸೆಕಾಯಿ ಮಾರೋದು, ಎಲ್ಲಾ ಬೋಗಿಯಲ್ಲೇ. ಗಂಡಸರು ನೆಲದ ಮೇಲೆ ಪೇಪರ್ ಹಾಸಿ ಮಲಗುತ್ತಿದ್ದರು, ಕಾಲು ಇಡೋಕೂ ಜಾಗ ಇರುತ್ತಿರಲಿಲ್ಲ.

ನಿಮ್ಮ ಮಗಳಿಗೆ ಎರಡು ವರ್ಷ ಅಂದಿರಿ. ಪೀಣ್ಯಕ್ಕೆ ಓಡಾಡಿ ದಿನಕ್ಕೆ ಐದು ಗಂಟೆ ದಾರಿಯಲ್ಲಿ ಹೋದರೆ ತಿಂಗಳಿಗೆ 25 ದಿನಕ್ಕೆ 125 ಗಂಟೆ. ರೂಮ್ ಬಾಡಿಗೆ ಜೊತೆ ಅದನ್ನೂ ಲೆಕ್ಕಕ್ಕೆ ಹಾಕಿ. ನನಗೆ ಅಪ್ಪನ ಹತ್ತಿರ ಕೂತು ಊಟ ಮಾಡಿದ ನೆನಪು ಅಂದರೆ ಎಲ್ಲಾ ಭಾನುವಾರದ್ದೇ.

ಹೆಂಚಿನ ಮನೆ:

ತಮ್ಮಾ, ಮೊದಲು ಒಂದು ಕೆಲಸ ಮಾಡು. ಕಾಂಟ್ರಾಕ್ಟರ್ ಕಡೆಯವರು ಬಾಕಿ ಸಂಬಳ ಕೊಡುತ್ತೇವೆ ಬಾ ಅಂತ ಕರೆದು ಯಾವುದೋ ಪೇಪರಿಗೆ ಸಹಿ ಕೇಳುತ್ತಾರೆ. ಅದು ರಾಜೀನಾಮೆ ಪತ್ರ ಆಗಿರುತ್ತೆ. ಹಾಕಬೇಡ. ನೀನಾಗೇ ಬಿಟ್ಟೆ ಅಂತ ಆದರೆ ಪರಿಹಾರ ಕೇಳೋಕೆ ಬರಲ್ಲ. ವರ್ಷದಲ್ಲಿ 240 ದಿನ ದುಡಿದವರನ್ನು ತೆಗೆಯಬೇಕಾದರೆ ಒಂದು ತಿಂಗಳ ನೋಟಿಸ್ ಅಥವಾ ಆ ತಿಂಗಳ ಸಂಬಳ, ಅದರ ಮೇಲೆ ದುಡಿದ ಒಂದೊಂದು ವರ್ಷಕ್ಕೂ 15 ದಿನದ ಸಂಬಳ ಕೊಡಬೇಕು. ಆರು ವರ್ಷ ಆಗಿದೆ ಅಂದರೆ ಗ್ರಾಚ್ಯುಟಿಯೂ ಬೇರೆ ಬರಬೇಕು. ಕಾಂಟ್ರಾಕ್ಟ್ ಅಂದ ತಕ್ಷಣ ಏನೂ ಇಲ್ಲ ಅಂತ ಹುಡುಗರು ವಾಪಸ್ ಬಂದುಬಿಡುತ್ತೀರಿ. 32 ಜನರಲ್ಲಿ ಹತ್ತು ಜನ ಸೇರಿ ಕೋಲಾರದ ಲೇಬರ್ ಆಫೀಸಿಗೆ ಹೋಗಿ, ಒಬ್ಬನೇ ಹೋಗಬೇಡ.

ಪಿಎಫ್‌ನಲ್ಲಿ 75% ತೆಗೆಯಬಹುದು, ಆದರೆ ಪೂರ್ತಿ ಬಳಿದು ಬೈಕ್ ಲೋನಿಗೆ ಹಾಕಬೇಡ. ಇಎಸ್‌ಐನಲ್ಲಿ ಅಟಲ್ ಬೀಮಿತ್ ಅಂತ ಒಂದು ಸ್ಕೀಮ್ ಇದೆ, ಕೆಲಸ ಹೋದವರಿಗೆ 90 ದಿನದವರೆಗೆ ಸರಾಸರಿ ದಿನಗೂಲಿಯ ಅರ್ಧ ಕೊಡುವಂಥದ್ದು. ಅದರ ಅವಧಿ ಮುಗಿದಾಗಲೆಲ್ಲ ಮುಂದಕ್ಕೆ ಹಾಕುತ್ತಾ ಬಂದಿದ್ದಾರೆ, ಬ್ರಾಂಚ್ ಆಫೀಸಿನಲ್ಲಿ ನಿಂತು ಕೇಳು.

ಮತ್ತೆ ಕೋಲಾರದ ಹತ್ತಿರವೇ ಫ್ಯಾಕ್ಟರಿಗಳಿರುವ ನರಸಾಪುರ, ವೇಮಗಲ್ ಬಿಟ್ಟು ಬೆಂಗಳೂರೇ ಯಾಕೆ? ಅಲ್ಲಿ ಊರಿನ ಹತ್ತಿರಕ್ಕೇ ಕಂಪನಿ ಬಸ್ ಬರುತ್ತೆ. ಕೆಲಸ ಕೊಡಿಸುತ್ತೇನೆ ಮೊದಲು ಐದು ಸಾವಿರ ಕಟ್ಟು ಅನ್ನುವ ಏಜೆಂಟ್ ಸಿಕ್ಕರೆ ಮಾತ್ರ ಅಲ್ಲಿಂದ ಎದ್ದು ಬಾ. ನಮ್ಮ ಅಕ್ಕನ ಮಗ ಕಟ್ಟಿ ಕೂತಿದ್ದಾನೆ, ಏಜೆಂಟಿನ ಫೋನ್ ಈಗಲೂ ಸ್ವಿಚ್ ಆಫ್.

ಚಿಂತಾಮಣಿ ಮೇಷ್ಟ್ರು:

ಎರಡನೇ ಪ್ರಶ್ನೆಗೆ ಯಾರೂ ಕೈ ಹಾಕಿಲ್ಲ, ನಾನು ಹಾಕುತ್ತೇನೆ. ಸ್ವಲ್ಪ ಉದ್ದ ಆಗುತ್ತೆ, ಮೂವತ್ತೆರಡು ವರ್ಷ ಬೋರ್ಡ್ ಮುಂದೆ ನಿಂತ ಅಭ್ಯಾಸ.

ನಿಮ್ಮ ಅಜ್ಜಿ ರಾಗಿ ಕೇಳೋರೇ ಇರಲಿಲ್ಲ ಅಂದರಲ್ಲ, ಅಲ್ಲಿಂದಲೇ ಶುರು ಮಾಡಿ. 1929ರಿಂದ ಎರಡು ಮೂರು ವರ್ಷದಲ್ಲಿ ಇಂಡಿಯಾದಲ್ಲಿ ಬೆಳೆಗಳ ಬೆಲೆ ಸುಮಾರು ಅರ್ಧಕ್ಕೆ ಇಳಿಯಿತು. ಬೆಳೆ ಹಾಳಾಗಿರಲಿಲ್ಲ, ಕಣದಲ್ಲಿ ರಾಗಿ ಇತ್ತು, ದುಡ್ಡು ಇರಲಿಲ್ಲ. ಕಂದಾಯ ಕಟ್ಟಬೇಕಾದ್ದು ದುಡ್ಡಿನಲ್ಲಿ, ಸಾಲದ ಬಡ್ಡಿಯೂ ದುಡ್ಡಿನಲ್ಲಿ, ಅವೆರಡೂ ಬೆಲೆ ಜೊತೆ ಇಳಿಯಲಿಲ್ಲ. ಮೊದಲು ಐದು ಮೂಟೆ ಮಾರಿ ಕಟ್ಟುತ್ತಿದ್ದ ಕಡೆ ಈಗ ಹತ್ತು ಮೂಟೆ ಮಾರಬೇಕು, ಮಾರಿದರೆ ತಿನ್ನೋಕೆ ಇಲ್ಲ. ಹಾಗಾಗಿ ಮನೆಯಿಂದ ಒಬ್ಬರು ಹೊರಗೆ ಹೋಗಿ ನಗದು ತರಬೇಕಾಯಿತು. ನಮ್ಮ ಶಿಡ್ಲಘಟ್ಟ, ಚಿಂತಾಮಣಿ ಕಡೆ ರೇಷ್ಮೆಯನ್ನೂ ನಂಬುವ ಹಾಗಿರಲಿಲ್ಲ, ಜಪಾನ್, ಚೀನಾದ ಅಗ್ಗದ ರೇಷ್ಮೆ ಬಂದು ಗೂಡು ಬೆಳೆಯುವವರಿಂದ ನೂಲು ಬಿಚ್ಚುವವರವರೆಗೆ ಎಲ್ಲರನ್ನೂ ಮಲಗಿಸಿತ್ತು.

ಇನ್ನು ಗಣಿ. ಎಲ್ಲದರ ಬೆಲೆ ಬಿದ್ದಾಗ ಚಿನ್ನದ ಬೆಲೆ ಏರಿತು. 1931ರ ಸೆಪ್ಟೆಂಬರಿನಲ್ಲಿ ಬ್ರಿಟನ್ ತನ್ನ ಪೌಂಡಿಗೆ ಇಷ್ಟೇ ಚಿನ್ನ ಅಂತ ಕಟ್ಟಿದ್ದ ಗಂಟು ಬಿಚ್ಚಿತು. ರೂಪಾಯಿ ಪೌಂಡಿನ ಬಾಲ ಹಿಡಿದಿತ್ತು, ಹಾಗಾಗಿ ರೂಪಾಯಿಯಲ್ಲೂ ಚಿನ್ನ ದುಬಾರಿ ಆಯಿತು. 1934ರಲ್ಲಿ ಅಮೆರಿಕವೂ ಒಂದು ಔನ್ಸಿನ ಬೆಲೆಯನ್ನು 20.67 ಡಾಲರಿನಿಂದ 35 ಡಾಲರಿಗೆ ಏರಿಸಿತು. ಇನ್ನೇನು ಬೇಕು? ಮೊದಲು ಗಿಟ್ಟುವುದಿಲ್ಲ ಅಂತ ಬಿಟ್ಟಿದ್ದ ಕಡಿಮೆ ಚಿನ್ನದ ಅದಿರನ್ನೂ ಅಗೆದು ಅರೆಯಬಹುದು. ಅದಿರು ಜಾಸ್ತಿ ಅಂದರೆ ಕೈಗಳೂ ಜಾಸ್ತಿ ಬೇಕು. 1941ರ ಜನಗಣತಿ ಹೊತ್ತಿಗೆ ಕೆಜಿಎಫ್‌ನಲ್ಲಿ ಒಂದು ಲಕ್ಷಕ್ಕಿಂತ ಜಾಸ್ತಿ ಜನ ಇದ್ದರು. ಸಂಬಳ ಚಿಕ್ಕದೇ, ಆದರೆ ಕಾಳು ಅಗ್ಗವಾದ ಕಾಲದಲ್ಲಿ ಕೈಗೆ ನಗದು ಬರುವವನು ಹಳ್ಳಿಯ ಕಣ್ಣಿಗೆ ಸಾಹುಕಾರ. ಇದರಲ್ಲಿ ಒಂದು ತಮಾಷೆ ಇದೆ, ನಗುವಂಥದ್ದಲ್ಲ. ಅದೇ ವರ್ಷಗಳಲ್ಲಿ ಊರೂರಿನ ರೈತರು ಕಂದಾಯಕ್ಕೆ, ಸಾಲಕ್ಕೆ ಅಂತ ಹೆಂಗಸರ ಮೈಮೇಲಿನ ಒಡವೆ ಮಾರಿದರು, ಅದೆಲ್ಲ ಕರಗಿ ಹಡಗಿನಲ್ಲಿ ಹೊರದೇಶಕ್ಕೆ ಹೋಯಿತು. ನಿಮ್ಮ ಮನೆಯಲ್ಲಿ ಒಬ್ಬರು ಚಿನ್ನ ಅಗೆಯುತ್ತಿದ್ದಾಗ ಪಕ್ಕದ ಮನೆಯವರು ಓಲೆ ಬಿಚ್ಚಿ ಕೊಡುತ್ತಿದ್ದಿರಬಹುದು.

ಬೆಂಗಳೂರಿಗೆ ಯಾರೂ ಹೋಗಲಿಲ್ಲ ಅಂತಲ್ಲ. ಸಿಟಿ, ಕಂಟೋನ್ಮೆಂಟ್ ಎರಡೂ ಸೇರಿ 1931ರಲ್ಲಿ ಸುಮಾರು 3 ಲಕ್ಷ ಜನ, 1941ಕ್ಕೆ 4 ಲಕ್ಷ. ಬಿನ್ನಿ ಮಿಲ್ಲು ಇತ್ತು, ಸೋಪ್ ಫ್ಯಾಕ್ಟರಿ ಇತ್ತು. ಆದರೆ ಇವತ್ತಿನ ಬೆಂಗಳೂರನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಆ ಕಾಲವನ್ನು ನೋಡಬೇಡಿ. ಟೇಕಲ್‌ನವರಿಗೆ ಗಣಿ ಹತ್ತಿರ, ಮತ್ತೆ ಅಲ್ಲಿ ಮೊದಲೇ ಹೋದ ಯಾರೋ ಒಬ್ಬರು ಪರಿಚಯದವರು ಇದ್ದೇ ಇರುತ್ತಿದ್ದರು. ಊರು ಬಿಡುವವರು ನಕ್ಷೆ ನೋಡಿಕೊಂಡು ಹೋಗುವುದಿಲ್ಲ, ಯಾರ ಮನೆಯಲ್ಲಿ ಮೊದಲ ರಾತ್ರಿ ಮಲಗಬಹುದು ಅಂತ ನೋಡಿಕೊಂಡು ಹೋಗುತ್ತಾರೆ.

ಅಮೆರಿಕದ ಮಾತು ಬಂದಿದ್ದಕ್ಕೆ ಇಷ್ಟು ಹೇಳಿ ನಿಲ್ಲಿಸುತ್ತೇನೆ. ಅಲ್ಲಿ 1933ರಲ್ಲಿ ದುಡಿಯುವವರಲ್ಲಿ ನಾಲ್ಕರಲ್ಲಿ ಒಬ್ಬರಿಗೆ ಕೆಲಸ ಇರಲಿಲ್ಲ. ಹುಡುಗರು ಗೂಡ್ಸ್ ರೈಲು ಹತ್ತಿ ಊರಿಂದ ಊರಿಗೆ ಅಲೆದರು. ಆದರೆ 1932ರಲ್ಲಿ ಹಳ್ಳಿಯಿಂದ ಪಟ್ಟಣಕ್ಕೆ ಹೋದವರಿಗಿಂತ ಪಟ್ಟಣ ಬಿಟ್ಟು ಹೊಲಕ್ಕೆ ವಾಪಸ್ ಬಂದವರೇ ಜಾಸ್ತಿ. ಕೆಲಸ ಇಲ್ಲದ ಪಟ್ಟಣಕ್ಕಿಂತ ಆಲೂಗಡ್ಡೆ ಆದರೂ ಸಿಗುವ ಹಳ್ಳಿ ಮೇಲು ಅಂತ. ಆಮೇಲೆ ಬರ, ಧೂಳಿನ ಬಿರುಗಾಳಿ ಬಂದು ಆ ಹೊಲಗಳೂ ಹೋದಾಗ ಗಂಟುಮೂಟೆ ಕಟ್ಟಿ ಕ್ಯಾಲಿಫೋರ್ನಿಯಾಗೆ ಹೊರಟರು. 1936ರ ಫೆಬ್ರವರಿಯಲ್ಲಿ ಲಾಸ್ ಏಂಜಲೀಸ್ ಪೊಲೀಸ್ ಮುಖ್ಯಸ್ಥ 136 ಪೊಲೀಸರನ್ನು ರಾಜ್ಯದ ಗಡಿಗಳಿಗೆ ಕಳಿಸಿ, ಕೈಯಲ್ಲಿ ಕಾಸಿಲ್ಲದವರನ್ನು ಒಳಗೆ ಬಿಡಬೇಡಿ ಅಂದ. ತಮ್ಮ ದೇಶದ ಜನರನ್ನೇ! ಬಡವರನ್ನು ರಾಜ್ಯದೊಳಗೆ ಕರೆತಂದರೆ ಅಪರಾಧ ಅನ್ನುವ ಕಾನೂನೂ ಇತ್ತು, ಅದನ್ನು ಅವರ ಸುಪ್ರೀಂ ಕೋರ್ಟ್ 1941ರಲ್ಲಿ ತೆಗೆದುಹಾಕಿತು.

ಕೋರಮಂಡಲ್ ಪ್ಯಾಸೆಂಜರ್:

ಮೇಷ್ಟ್ರೇ, ಚೆನ್ನಾಗಿ ಹೇಳಿದಿರಿ, ಆದರೆ ಗಣಿ ಎಲ್ಲರಿಗೂ ಬಾಗಿಲು ತೆರೆದು ಕೂತಿತ್ತು ಅನ್ನೋ ಥರ ಕೇಳಿಸುತ್ತೆ. ನೆಲದ ಅಡಿಗೆ ಇಳಿದವರಲ್ಲಿ ಜಾಸ್ತಿ ಜನ ನಮ್ಮ ಕಡೆಯವರು, ಉತ್ತರ ಆರ್ಕಾಟು, ಚಿತ್ತೂರಿಂದ ಬಂದ ದಲಿತರು. ಅವರು ನೀವು ಹೇಳಿದ ಬೆಲೆ ಬಿದ್ದ ಕಾಲಕ್ಕೂ ಮುಂಚೆಯೇ ಊರು ಬಿಟ್ಟವರು, ಹೊಲ ಉಳಿಸಿಕೊಳ್ಳೋಕೆ ಅಲ್ಲ, ಅವರಿಗೆ ಹೊಲವೇ ಇರಲಿಲ್ಲ. 1930ರಲ್ಲೇ ಕೂಲಿಗಳ ಬೆರಳಚ್ಚು ತೆಗೆದು ರಿಜಿಸ್ಟರ್ ಇಡೋಕೆ ಹೊರಟಾಗ ದೊಡ್ಡ ಮುಷ್ಕರ ಆಯಿತು. ಕಳ್ಳರ ಹಾಗೆ ಯಾಕೆ ಕೈ ಒತ್ತಬೇಕು ಅಂತ. ಕೆಲಸ ಸಿಗುವುದೇ ಕಷ್ಟ ಆದ ವರ್ಷದಲ್ಲಿ ಕೆಲಸ ನಿಲ್ಲಿಸೋಕೆ ಎಷ್ಟು ಧೈರ್ಯ ಬೇಕು ಯೋಚನೆ ಮಾಡಿ.

ರಾಕ್ ಬರ್ಸ್ಟ್ ಆಗಿ, ಅಂದರೆ ಗಣಿಯೊಳಗೆ ಬಂಡೆ ಸಿಡಿದು ಸತ್ತವರು, ಕಲ್ಲಿನ ಧೂಳು ಕುಡಿದು ಸಿಲಿಕೋಸಿಸ್ ಅನ್ನುವ ಶ್ವಾಸಕೋಶದ ಕಾಯಿಲೆ ಆದವರು, ಇವರನ್ನೂ ಆ ಚಿನ್ನದ ಲೆಕ್ಕಕ್ಕೆ ಸೇರಿಸಬೇಕು. ನಮ್ಮ ತಾತ 52ಕ್ಕೆ ಹೋದರು, ಕೊನೆಗೆ ಹತ್ತು ಹೆಜ್ಜೆ ನಡೆಯೋಕೆ ಆಗುತ್ತಿರಲಿಲ್ಲ. ಮನೆಯಲ್ಲಿ ತಮಿಳು, ಬರೆಯೋದು ಕನ್ನಡ, ತಪ್ಪಿದ್ದರೆ ತಿದ್ದಿ.

ಚಿಂತಾಮಣಿ ಮೇಷ್ಟ್ರು:

ಕನ್ನಡದಲ್ಲಿ ತಿದ್ದೋಕೆ ಏನೂ ಇಲ್ಲಮ್ಮ. ತಿದ್ದಬೇಕಾದ್ದು ನನ್ನ ಪಾಠದಲ್ಲಿತ್ತು, ಒಪ್ಪಿದೆ.

ಪಾವಗಡದವನು:

ನಾನು ಪೀಣ್ಯದಲ್ಲೇ ಇದ್ದೇನೆ, ಲೇತ್ ಮೆಷಿನ್. ಟೇಕಲ್ ಅಣ್ಣನನ್ನು ಗೆಳೆಯ ಕರೆದಿದ್ದಾನೆ ಅಂದರೆ ಬರಲಿ, ಆದರೆ ಕೆಲಸ ನೋಡಿಕೊಂಡು ಬರಲಿ. ರೂಮ್ ಇದೆ ಅಂದ ಮಾತ್ರಕ್ಕೆ ಬರಬಾರದು. ಈಗ ಇಲ್ಲಿ ಚಿಕ್ಕ ಚಿಕ್ಕ ಶೆಡ್‌ಗಳಲ್ಲೂ ಮೂರು ದಿನ ಕೆಲಸ, ಮೂರು ದಿನ ಟೀ. ಮಾಲೂರಿನ ಫ್ಯಾಕ್ಟರಿಗೆ ಆರ್ಡರ್ ನಿಂತಿದ್ದರೆ ಅದಕ್ಕೆ ಡೈ, ಬೋಲ್ಟು ಮಾಡಿಕೊಡುವ ಪೀಣ್ಯದ ಶೆಡ್‌ಗೆ ಮಾತ್ರ ಎಲ್ಲಿಂದ ಬರುತ್ತೆ? ಒಂದೇ ದಾರಕ್ಕೆ ಕಟ್ಟಿದ ಹೂವು ಅದು.

ನಮ್ಮ ಊರಿನ ಹತ್ತಿರವೇ ತಿರುಮಣಿ ಸೋಲಾರ್ ಪಾರ್ಕ್, ಸುಮಾರು 13,000 ಎಕರೆ. ಜಮೀನು ಕೊಟ್ಟವರಿಗೆ ಶುರುವಿನಲ್ಲಿ ಎಕರೆಗೆ ವರ್ಷಕ್ಕೆ 21,000 ರೂಪಾಯಿ ಬಾಡಿಗೆ, ಎರಡು ವರ್ಷಕ್ಕೊಮ್ಮೆ 5% ಜಾಸ್ತಿ. ಕಡ್ಲೆಕಾಯಿ ಬೆಳೆದು ನಷ್ಟ ಮಾಡಿಕೊಂಡವರಿಗೆ ಅದು ದೇವರು ಕೊಟ್ಟ ಹಾಗೆ, ಸುಳ್ಳು ಹೇಳಲ್ಲ. ಆದರೆ ಆ ಹೊಲಗಳಲ್ಲಿ ಕಳೆ ಕಿತ್ತು, ಕಡ್ಲೆಕಾಯಿ ಬಿಡಿಸಿ ಕೂಲಿ ಮಾಡುತ್ತಿದ್ದ ನಮ್ಮಂಥವರಿಗೆ ಬಾಡಿಗೆ ಯಾರು ಕೊಡುತ್ತಾರೆ? ನಮ್ಮ ಅಪ್ಪನಿಗೆ ಒಂದು ಗುಂಟೆ ಇಲ್ಲ. ಅದಕ್ಕೇ ನಾನು ಬಸ್ಸು ಹತ್ತಿದ್ದು. ಬರ ಬಂದಾಗ ನಮ್ಮ ಕಡೆಯವರು ಬೆಂಗಳೂರಿಗೆ ಬರೋದು ಹೊಸದಲ್ಲ, ಹೊಲಕ್ಕೆ ದುಡ್ಡು ಬಂದಾಗಲೂ ಬರಬೇಕಾಯಿತಲ್ಲ ಅದು ಹೊಸದು.

2020ರಲ್ಲಿ ಲಾಕ್‌ಡೌನ್ ಆದಾಗ ನಲವತ್ತು ದಿನ ರೂಮಿನಲ್ಲಿ ಐದು ಜನ ಇದ್ದೆವು. ಮೇ ತಿಂಗಳು ಮೊದಲ ವಾರ ಫ್ರೀ ಬಸ್ಸು ಬಿಟ್ಟಾಗ ಊರಿಗೆ ಹೋದೆ. ಊರಿನಲ್ಲಿ ನಾಲ್ಕು ತಿಂಗಳು ನರೇಗಾದಲ್ಲಿ ಬದು ಹಾಕಿದೆ, ಕೆರೆ ಹೂಳು ಎತ್ತಿದೆ. ಅದೇ ವಾರ ಬಿಹಾರ, ಉತ್ತರ ಪ್ರದೇಶದ ಕೂಲಿಯವರ ರೈಲನ್ನು ರಾಜ್ಯ ಸರ್ಕಾರ ಬಿಲ್ಡರ್‌ಗಳ ಜೊತೆ ಮೀಟಿಂಗ್ ಆದ ಮೇಲೆ ಬೇಡ ಅಂದಿತ್ತು, ಗಲಾಟೆ ಆಗಿ ಒಂದೆರಡು ದಿನದಲ್ಲಿ ಮತ್ತೆ ಬಿಟ್ಟರು. ಮೇಷ್ಟ್ರು ಹೇಳಿದ ಅಮೆರಿಕದಲ್ಲಿ ಒಳಗೆ ಬರಬೇಡಿ ಅಂದರು, ಇಲ್ಲಿ ಹೊರಗೆ ಹೋಗಬೇಡಿ ಅಂದರು, ನೋಡಿ.

ಒಂದು ವಿಷಯ, ರೇಷನ್ ಕಾರ್ಡ್ ಊರಿನದೇ ಇರಲಿ, ಹೆಸರು ತೆಗೆಸಬೇಡ. ಬೆಂಗಳೂರಿನ ನ್ಯಾಯಬೆಲೆ ಅಂಗಡಿಯಲ್ಲೂ ಹೆಬ್ಬೆಟ್ಟು ಒತ್ತಿ ಅಕ್ಕಿ ತಗೋಬಹುದು. ಮತ್ತೆ ಹಸು ಮಾರಬೇಡ. ಇಲ್ಲಿಗೆ ಬಂದವರಲ್ಲಿ ಉಳಿದುಕೊಂಡವರು ಯಾರು, ಸಾಲ ಮಾಡಿ ವಾಪಸ್ ಹೋದವರು ಯಾರು ಅಂತ ನೋಡಿದರೆ, ಊರಿನಲ್ಲಿ ಹಾಲಿನ ದುಡ್ಡು ಬರುತ್ತಿದ್ದವನು ಕೆಟ್ಟ ಕೆಲಸ ಸಿಕ್ಕರೆ ಬೇಡ ಅನ್ನಬಲ್ಲ, ಬರದವನು ಸಿಕ್ಕಿದ್ದಕ್ಕೆ ತಲೆ ಕೊಡುತ್ತಾನೆ. ನಾನು ಎರಡನೇ ಥರದವನು, ಮೊದಲ ಎರಡು ವರ್ಷ 12 ಗಂಟೆ ಶಿಫ್ಟ್ ಮಾಡಿ ಎಂಟು ಗಂಟೆ ಸಂಬಳ ತಗೊಂಡಿದ್ದೇನೆ.

ಟೇಕಲ್ ಹುಡುಗ:

ಎಲ್ಲರಿಗೂ ಥ್ಯಾಂಕ್ಸ್. ಸಹಿ ವಿಷಯ ಹೇಳಿದ್ದು ಒಳ್ಳೆಯದಾಯಿತು, ನಿನ್ನೆಯೇ ಫೋನ್ ಬಂದಿತ್ತು. ಒಂಬತ್ತು ಜನ ಆಗಿದ್ದೇವೆ, ಸೋಮವಾರ ಕೋಲಾರಕ್ಕೆ ಹೋಗುತ್ತಿದ್ದೇವೆ. ಉಳಿದವರು ನೀವು ಹೋಗಿ ಬನ್ನಿ ಆಮೇಲೆ ನೋಡೋಣ ಅಂದರು.

ಪೀಣ್ಯ ಬೇಡ ಅಂತ ಮಾಡಿದೆ. ಕಾಡುಗೋಡಿ ಹತ್ತಿರ ಒಂದು ಗೋಡೌನಿನಲ್ಲಿ ಪ್ಯಾಕಿಂಗ್ ಕೆಲಸ ಇದೆ, ಸಂಬಳ ಮಾಲೂರಿಗಿಂತ ಎರಡು ಸಾವಿರ ಕಡಿಮೆ, ಆದರೆ ಎಂಟು ಗಂಟೆ. ಮೂರು ತಿಂಗಳು ರೈಲಿನಲ್ಲಿ ಓಡಾಡಿ ನೋಡುತ್ತೇನೆ, ಅಷ್ಟರಲ್ಲಿ ನರಸಾಪುರ ಕಡೆ ಏನಾದರೂ ಆದರೆ ಆಯಿತು.

ಮೇಷ್ಟ್ರು ಬರೆದದ್ದನ್ನು ಅಜ್ಜಿಗೆ ಓದಿ ಹೇಳಿದೆ. ಪೌಂಡು, ಡಾಲರು ಎಲ್ಲಾ ಸುಮ್ಮನೆ ಕೇಳಿಸಿಕೊಂಡರು. ಓಲೆ ಬಿಚ್ಚಿಕೊಟ್ಟ ಮಾತು ಬಂದಾಗ ಮಾತ್ರ ಪಕ್ಕದ ಮನೆಯವರು ಅಲ್ಲ ಕಣೋ, ನಮ್ಮ ಅತ್ತೆಯವರದ್ದೇ ಹೋಗಿತ್ತು, ಗಣಿಗೆ ಹೋದವರು ಅದನ್ನು ಬಿಡಿಸಿಕೊಡುತ್ತೇನೆ ಅಂತ ಹೇಳಿ ಹೋದರಂತೆ ಅಂದರು. ಬಿಡಿಸಿಕೊಟ್ಟರಾ ಅಂತ ಕೇಳಿದೆ. ನಾನು ಮದುವೆಯಾಗಿ ಬಂದಾಗ ಅತ್ತೆಯ ಕಿವಿಯಲ್ಲಿ ಕಡ್ಡಿ ಇತ್ತು ಅಂದರು.

ಒಂದು ಕೊನೆಯ ಪ್ರಶ್ನೆ ಅಕ್ಕಾ, ಬೆಳಗಿನ ರೈಲಿಗೆ ಟೇಕಲ್‌ನಲ್ಲಿ ಹತ್ತಿದರೆ ಕೂರೋಕೆ ಜಾಗ ಸಿಗುತ್ತಾ?

ಕೋರಮಂಡಲ್ ಪ್ಯಾಸೆಂಜರ್:

ಕೂರೋಕಾ? ಬಂಗಾರಪೇಟೆಯಲ್ಲೇ ಎಲ್ಲಾ ತುಂಬಿರುತ್ತೆ ತಮ್ಮಾ. ಹಿಂದಿನಿಂದ ಎರಡನೇ ಬೋಗಿ ಹತ್ತು, ಅಲ್ಲಿ ನಮ್ಮ ಗುಂಪಿದೆ. ಮಾಲೂರಿನಲ್ಲಿ ಇಬ್ಬರು ಇಳಿಯುತ್ತಾರೆ, ಅವರಲ್ಲಿ ಒಬ್ಬರ ಸೀಟು ನಿನಗೆ ಹಿಡಿದಿಡೋಕೆ ಹೇಳುತ್ತೇನೆ.